ಸೋಲಾರ್ ‘ಪೂರ್ತಿ ಉಚಿತ’ ಅಲ್ಲ: ಒಂದು ಸ್ಪಷ್ಟನೆ

‘ಮನೆ ಮೇಲೆ ಸೋಲಾರ್ ಹಾಕಿಸಿದರೆ ಪೂರ್ತಿ ಖರ್ಚು ಸರ್ಕಾರದ್ದೇ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಸಬ್ಸಿಡಿ ಸಾಮಾನ್ಯವಾಗಿ ಖರ್ಚಿನ ಒಂದು ಭಾಗ ಮಾತ್ರ, ಅದೂ ಎಷ್ಟೋ ಯೋಜನೆಗಳಲ್ಲಿ ಪ್ಯಾನೆಲ್ ಕೂರಿಸಿ ತಪಾಸಣೆ ಮುಗಿದ ಮೇಲೆ ಬರುತ್ತದೆ, ಹಾಗಾಗಿ ಮೊದಲು ಹಣ ನಾವೇ ಹೊಂದಿಸಬೇಕು. ಎಲ್ಲಾದರೂ ತೆರಿಗೆ ರಿಯಾಯಿತಿ ಇದ್ದರೆ, ಅದು ಬೇರೆ. ಅದು ನಗದಲ್ಲ, ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ. ತೆರಿಗೆಯೇ ಕಡಿಮೆ ಇರುವವರಿಗೆ ಪೂರ್ತಿ ಲಾಭ ಸಿಗದೇ ಹೋಗಬಹುದು. ಇನ್ನೊಂದನ್ನು ಜಾಸ್ತಿ ಜನ ಗಮನಿಸುವುದಿಲ್ಲ: ಪ್ಯಾನೆಲ್ ಬಾಡಿಗೆಗೆ ತಗೊಂಡರೆ ಅದರ ಒಡೆತನ ಕಂಪನಿಯದ್ದು, ಅಲ್ವಾ? ಆಗ ಸಬ್ಸಿಡಿಯೂ ಸಾಮಾನ್ಯವಾಗಿ ಅವರಿಗೇ ಹೋಗುತ್ತದೆ. ನೆಟ್ ಮೀಟರಿಂಗ್ ಸಬ್ಸಿಡಿಯೇ ಅಲ್ಲ, ಗ್ರಿಡ್‌ಗೆ (ವಿದ್ಯುತ್ ಜಾಲಕ್ಕೆ) ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ವಜಾ ಮಾಡುವ ಲೆಕ್ಕ. ಸುಮ್ನೆ ಮೆಸೇಜ್ ನಂಬಿ ಮುಂಗಡ ಕೊಡಬೇಡಿ. ಯಾವ ಹಣ, ಯಾರ ಖಾತೆಗೆ, ಯಾವಾಗ ಅಂತ ಮೊದಲು ಬರೆಸಿಕೊಳ್ಳಿ.