ಸತ್ಯಾಂಶ: ಕಾಳು ಇಟ್ಟರೆ ಹಕ್ಕಿ ವಲಸೆ ಮರೆಯುತ್ತದೆಯೇ?

‘ಶರತ್ಕಾಲದಲ್ಲಿ ಕೈತೋಟದಲ್ಲಿ ಕಾಳು ಇಡಬೇಡಿ, ಹಕ್ಕಿಗಳು ವಲಸೆ ಮರೆತು ಚಳಿಗೆ ಸಾಯುತ್ತವೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ.

ಹೊರಡುವ ಹೊತ್ತು ಬಂತೆಂದು ಹಕ್ಕಿಗೆ ತಿಳಿಸುವುದು ಮುಖ್ಯವಾಗಿ ಕುಗ್ಗುತ್ತಿರುವ ಹಗಲು ಮತ್ತು ಹಕ್ಕಿಯ ಮೈಯೊಳಗಿನ ಜೈವಿಕ ಗಡಿಯಾರ. ಪಂಜರದಲ್ಲಿ ಹೊಟ್ಟೆತುಂಬ ಮೇವು ಸಿಗುವ ವಲಸೆ ಹಕ್ಕಿಯೂ ಆ ಕಾಲದಲ್ಲಿ ರಾತ್ರಿಯೆಲ್ಲ ರೆಕ್ಕೆ ಬಡಿಯುತ್ತಾ ಚಡಪಡಿಸುತ್ತದೆ.

ಮೇವು ಬೇಕಿರುವುದೇ ಪ್ರಯಾಣಕ್ಕೆ. ಕೊಬ್ಬು ತುಂಬಿಕೊಂಡ ಕೆಲವು ಉಲಿಯಕ್ಕಿಗಳ (ಪುಟ್ಟ ಹಾಡುಹಕ್ಕಿಗಳ) ತೂಕ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 2022ರಲ್ಲಿ ಪಟ್ಟೆಬಾಲದ ಗಾಡ್‌ವಿಟ್ ಎಂಬ ನೀರಂಚಿನ ಹಕ್ಕಿಯೊಂದು, ಹುಟ್ಟಿ ಐದೇ ತಿಂಗಳಿನದು, ಇಂಥ ಕೊಬ್ಬಿನ ಬಲದಲ್ಲೇ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ಎಲ್ಲೂ ಇಳಿಯದೆ ಹಾರಿತು!

ಕಡಲು ದಾಟಿ ಬಳಲಿ ಬಂದು ಕರಾವಳಿಯ ಪೊದೆಗಳಲ್ಲಿ ಕೂರುವ ಹಕ್ಕಿಗಳಿಗೆ ನೀರು, ಮೇವು ಧಾರಾಳವಾಗಿ ಇಡಿ. ತಟ್ಟೆಯನ್ನು ಮಾತ್ರ ಆಗಾಗ ತೊಳೆಯಿರಿ. ಕೊಳಕು ತಟ್ಟೆಯಿಂದ ರೋಗ ಹರಡುವುದಂತೂ ನಿಜ.