ಭಾರತದ ಪೈಲಟ್ ಲೈಸೆನ್ಸ್ ಅಮೆರಿಕದಲ್ಲಿ ವ್ಯರ್ಥ ಅಲ್ಲ

ಭಾರತದ ಖಾಸಗಿ ಪೈಲಟ್ ಲೈಸೆನ್ಸ್ ಅಮೆರಿಕದಲ್ಲಿ ಲೆಕ್ಕಕ್ಕಿಲ್ಲ, ಮತ್ತೆ 40 ಗಂಟೆ ಹಾರಬೇಕು ಅನ್ನುವ ವಾಟ್ಸಾಪ್ ಮೆಸೇಜ್ ತಪ್ಪು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನಿಯಮ 61.75ರಲ್ಲಿ ನಮ್ಮ ಲೈಸೆನ್ಸ್ ಆಧಾರದ ಮೇಲೆಯೇ ಅಲ್ಲಿನ ಸರ್ಟಿಫಿಕೇಟ್ ಸಿಗುತ್ತದೆ. ಲಿಖಿತ ಪರೀಕ್ಷೆ ಇಲ್ಲ, ಚೆಕ್‌ರೈಡೂ (ಪರೀಕ್ಷಕರ ಮುಂದೆ ಹಾರಿ ತೋರಿಸುವ ಪರೀಕ್ಷೆ) ಇಲ್ಲ. ಆದರೆ ಲೈಸೆನ್ಸ್ ಅಸಲಿ ಅಂತ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕಡೆಯಿಂದ ಖಾತ್ರಿಯಾಗಬೇಕು. ಜಾಸ್ತಿ ತಡವಾಗುವುದು ಇಲ್ಲೇ, ಹೊರಡುವ ಮುಂಚೆಯೇ ಅರ್ಜಿ ಹಾಕಿ. ಇಂಗ್ಲಿಷ್ ಬರಬೇಕು, ಮೆಡಿಕಲ್ ಸರ್ಟಿಫಿಕೇಟ್ ಬೇಕೇ ಬೇಕು. ಆಮೇಲೆ ಬೋಧಕರ ಜೊತೆ ಫ್ಲೈಟ್ ರಿವ್ಯೂ: ಕನಿಷ್ಠ 1 ಗಂಟೆ ಪಾಠ, 1 ಗಂಟೆ ಹಾರಾಟ.

ಒಂದು ಕೊಕ್ಕೆ ಇದೆ. ಆ ಅಮೆರಿಕದ ಸರ್ಟಿಫಿಕೇಟ್ ಕಾರ್ಡ್ ಮೇಲೆ ನಿಮ್ಮ ಭಾರತದ ಲೈಸೆನ್ಸ್ ನಂಬರೇ ಅಚ್ಚಾಗಿರುತ್ತದೆ. ಹಾರುವಾಗ ಎರಡೂ ಜೇಬಲ್ಲಿರಬೇಕು. ಊರಿನದ್ದು ರದ್ದಾಯಿತೋ, ಇದೂ ಹೋಯಿತು. ಈ ರಗಳೆ ಬೇಡವಾದರೆ ಲಿಖಿತ ಪರೀಕ್ಷೆ, ಚೆಕ್‌ರೈಡ್ ಎರಡೂ ಪಾಸಾಗಿ ಸ್ವತಂತ್ರ ಸರ್ಟಿಫಿಕೇಟ್ ತಗೊಳ್ಳಬಹುದು. ಆಗಲೂ ಹಳೆ ಲಾಗ್‌ಬುಕ್ಕಿನಲ್ಲಿ ದಾಖಲಾದ ಹಾರಾಟದ ಗಂಟೆಗಳು ಲೆಕ್ಕಕ್ಕೆ ಬರುತ್ತವೆ.