ಎಣ್ಣೆಗಾಯಿ

ಹನ್ನೊಂದನೇ ದಿನವೂ ಬದನೆಕಾಯಿ ಒಣಗಿರಲಿಲ್ಲ. ಬೆಳಿಗ್ಗೆ ಎದ್ದವನೇ, ಹಲ್ಲುಜ್ಜುವ ಮೊದಲೇ ಹೋಗಿ ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿದೆ. ಬೆರಳಿಗೆ ನೇರಳೆ ಅಂಟಿತು. ಲುಂಗಿಗೆ ಒರೆಸಿಕೊಂಡೆ. ಲುಂಗಿ ಹೊಸದು.

‘ಇಷ್ಟ್ ದಿನಕ್ಕ ಖರೇ ಬದನೀಕಾಯಿ ಸುದ್ದಾ ಒಣಗಿರ್ತಿತ್ತು ನೋಡ್ರಿ’ ಅಂದಳು ಹೆಂಡತಿ.

ಎಣ್ಣೆಬಣ್ಣದ ಚಿತ್ರ ಒಣಗಲು ‘ಕೆಲವು ದಿನ’ ಸಾಕು ಅನ್ನುತ್ತದೆ ನಾನು ಚಿತ್ರ ಕಲಿಯುತ್ತಿರುವ ಪುಸ್ತಕ. ಅದನ್ನು ಬರೆದವನು ಧಾರವಾಡದ ಜುಲೈ ಕಂಡಿಲ್ಲ. ಇಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಟವೆಲ್ಲೇ ಮೂರು ದಿನ ಹಸಿ. ಅದೂ ಅಲ್ಲದೆ ಎಣ್ಣೆಬಣ್ಣ ಟವೆಲ್ಲಿನ ಹಾಗೆ ನೀರು ಆರಿ ಒಣಗುವುದಿಲ್ಲವಂತೆ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಲೆಕ್ಕ. ಅಂಬರ್ ಅನ್ನುವ ಕಂದು ಬೇಗ, ಅಲಿಝರಿನ್ ಕ್ರಿಮ್ಸನ್ ಅನ್ನುವ ಕಡುಗೆಂಪು ಬಲು ನಿಧಾನ. ನನ್ನ ಬದನೆಕಾಯಿಯಲ್ಲಿ ಇರುವುದೇ ಕ್ರಿಮ್ಸನ್ನು ಮತ್ತು ಅಲ್ಟ್ರಾಮರೀನ್ ನೀಲಿ. ಇದನ್ನೆಲ್ಲ ಪುಸ್ತಕ ಹೇಳುವುದು 112ನೇ ಪುಟದಲ್ಲಿ. ಚಿತ್ರ ಬರೆಯಿರಿ ಅಂದದ್ದು 40ನೇ ಪುಟದಲ್ಲಿ.

ಸುಭಾಸ ರಸ್ತೆಯಲ್ಲಿ 150 ರೂಪಾಯಿಗೆ ಕೊಂಡ ಹಳೇ ಪುಸ್ತಕ ಅದು. ನನಗಿಂತ ಮುಂಚೆ ಯಾರದೋ ಆಗಿತ್ತು. ಆ ಪುಣ್ಯಾತ್ಮ ಮೊದಲ 16 ಪುಟಗಳಲ್ಲಿ ಪೆನ್ಸಿಲಿನಿಂದ ಸಾಲು ಸಾಲಿಗೂ ಗೆರೆ ಎಳೆದಿದ್ದಾನೆ. ಹದಿನೇಳರಿಂದ ಪುಸ್ತಕ ಹೊಚ್ಚ ಹೊಸದು. ಅಂಗಡಿಯಲ್ಲೇ ಇದು ನನಗೆ ತಿಳಿಯಬೇಕಿತ್ತು.

ಬೆಂಗಳೂರಿಂದ ಮಗ ಫೋನ್ ಮಾಡಿದಾಗಲೆಲ್ಲ ‘ಅಪ್ಪಾ, ಸುಮ್ನ ಯೂಟ್ಯೂಬ್ ನೋಡ್ರಿ’ ಅನ್ನುತ್ತಾನೆ. ನೋಡಿದೆ. ಹತ್ತು ನಿಮಿಷದಲ್ಲಿ ಒಬ್ಬ ಹುಡುಗ ಸಮುದ್ರ, ಬೆಟ್ಟ, ಸೂರ್ಯಾಸ್ತ ಮುಗಿಸಿ, ಬೆಲ್ ಒತ್ತಿ ಅಂದ. ನಿವೃತ್ತಿಯಾದ ಮೇಲೂ ಯಾಕಪ್ಪಾ ಬೆಲ್ ಒತ್ತಬೇಕು? ಹಾಗಂತ ಗುರುಗಳಿಗೆ ಬರವಿದ್ದ ಊರಲ್ಲ ಇದು. ಡಿ.ವಿ. ಹಾಲಭಾವಿಯವರು ಚಿತ್ರಶಾಲೆ ಕಟ್ಟಿದ ಊರು. ಆದರೆ ಹದಿನೆಂಟರ ಮಕ್ಕಳ ಪಕ್ಕ ಕೂತು ನಾನು ಬದನೆಕಾಯಿ ಬರೆಯಲಾರೆ.

ಚಿತ್ರಕ್ಕೆ ಉತ್ತರದ ಬೆಳಕು ಬೇಕು ಅನ್ನುತ್ತದೆ ಪುಸ್ತಕ. ನಮ್ಮ ಮನೆಯಲ್ಲಿ ಉತ್ತರಕ್ಕೆ ಕಿಟಕಿ ಇರುವುದು ದೇವರ ಮನೆಗೆ ಮಾತ್ರ. ಅಲ್ಲಿ ಚೌಕಟ್ಟಿನೊಳಗೆ ರವಿವರ್ಮನ ಲಕ್ಷ್ಮಿ ನಿಂತಿದ್ದಾಳೆ. ಆತನಿಗೂ ಈ ವಿದ್ಯೆ ಸಲೀಸಾಗಿ ಸಿಗಲಿಲ್ಲ. 1868ರಲ್ಲಿ ತಿರುವನಂತಪುರದ ಅರಮನೆಗೆ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಬಂದಿದ್ದ. ಕಲಿಸಲು ಮನಸ್ಸು ಮಾಡಲಿಲ್ಲ, ಬರೆಯುವುದನ್ನು ನೋಡಲು ಬಿಟ್ಟ, ಅಷ್ಟೇ. ನೋಡಿಯೇ ಕಲಿತವನು ಬರೆದ ಲಕ್ಷ್ಮಿಯ ಎದುರು ನಾನು ಬಣ್ಣ ತೆಳು ಮಾಡುವ, ಘಾಟು ವಾಸನೆಯ ಟರ್ಪೆಂಟೈನ್ ಬಾಟಲಿ ತೆರೆದೆ. ಎರಡನೇ ದಿನಕ್ಕೆ ನನ್ನನ್ನು ಅಲ್ಲಿಂದ ಎಬ್ಬಿಸಲಾಯಿತು.

ಬರೆಯಲು ಏನು ಬೇಕು? ಒಂದು ಪೇರ್ ಹಣ್ಣು, ಒಂದು ವೈನ್ ಬಾಟಲಿ ಅನ್ನುತ್ತದೆ ಪುಸ್ತಕ. ನಮ್ಮ ಮನೆಯಲ್ಲಿ ಇದ್ದದ್ದು ಅರ್ಧ ಕಿಲೋ ಬದನೆಕಾಯಿ. ಒಂದನ್ನು ನಾನು ಎತ್ತಿಟ್ಟುಕೊಂಡೆ, ಉಳಿದವು ಅವತ್ತೇ ಎಣ್ಣೆಗಾಯಿಯಾದವು.

ಇನ್ನು ಎಣ್ಣೆಯ ವಿಷಯ. ಬಣ್ಣಕ್ಕೆ ಬೆರೆಸಲು ಲಿನ್‌ಸೀಡ್ ಎಣ್ಣೆ ಬೇಕು ಅಂತ ಅಂಗಡಿಯವನು ಔಷಧಿ ಶೀಸೆಯಷ್ಟು ಕೊಟ್ಟು, ಔಷಧಿಗಿಂತ ಜಾಸ್ತಿ ರೊಕ್ಕ ತಗೊಂಡ. ಮನೆಗೆ ಬಂದು ಡಿಕ್ಷನರಿ ನೋಡಿದೆ. ಲಿನ್‌ಸೀಡ್ ಅಂದರೆ ಅಗಸಿ! ನಮ್ಮ ಅಗಸಿ! ಅಡುಗೆಮನೆಯ ಡಬ್ಬಿಯಲ್ಲಿ ಮೂರು ಕಿಲೋ ಇದೆ. ಮೈ ಉರಿಯಿತು.

ಅಣ್ಣಿಗೇರಿ ಕಡೆ ಎರೆಹೊಲದಲ್ಲಿ ಹಿಂಗಾರಿಗೆ ಅಜ್ಜ ಬಿಳಿಜೋಳದ ನಡುವೆ ಅಕ್ಕಡಿಗೆ ಅಗಸಿ ಹಾಕುತ್ತಿದ್ದ. ಬೆಳಿಗ್ಗೆ ಸಾಲಿಗೆ ಸಾಲೇ ತಿಳಿನೀಲಿ ಹೂ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಪಕಳೆ ಉದುರಿ ಹೊಲ ಮತ್ತೆ ಹಸಿರು. ಆ ಗಿಡದ ನಾರಿನಿಂದಲೇ ಲಿನನ್ ಬಟ್ಟೆ ಮಾಡುತ್ತಾರೆ. ಯುರೋಪಿನ ದೊಡ್ಡ ದೊಡ್ಡ ಚಿತ್ರಕಾರರ ಕ್ಯಾನ್ವಾಸು ಅದೇ, ಬಣ್ಣದ ಎಣ್ಣೆಯೂ ಅದೇ. ಬಟ್ಟೆ ಹೊಳೆಯಿತು, ಎಣ್ಣೆ ಹೊಳೆಯಿತು. ಹುರಿದು, ಖಾರ ಬೆಳ್ಳುಳ್ಳಿ ಹಾಕಿ ಕುಟ್ಟಿ, ಮೊಸರಲ್ಲಿ ಕಲಸಿ ರೊಟ್ಟಿ ಜೊತೆ ತಿನ್ನಬೇಕು ಅಂತ ಮಾತ್ರ ಆ ಮಹಾನುಭಾವರಿಗೆ ಹೊಳೆಯಲಿಲ್ಲ!

ಡಬ್ಬಿ ಹೊತ್ತುಕೊಂಡು ಗಾಣಕ್ಕೆ ಹೋದೆ.

‘ಉಣ್ಣಾಕೋ, ಬಾಗಲಕ್ಕ ಹಚ್ಚಾಕೋ?’ ಅಂತ ಗಾಣದವನು ಕೇಳಿದ. ಹಳೇ ಮನೆಗಳ ಸಾಗವಾನಿ ಬಾಗಿಲಿಗೆ ಅಗಸಿ ಎಣ್ಣೆ ಹಚ್ಚುವುದು ನಮ್ಮಲ್ಲಿ ಇದ್ದದ್ದೇ.

‘ಎರಡಕ್ಕೂ ಅಲ್ಲ. ಚಿತ್ರಕ್ಕ.’

‘ಯಾವ ಪಿಕ್ಚರ್‌ರೀ?’

ಬದನೆಕಾಯಿ ಅಂದೆ. ಅವನು ಮತ್ತೇನೂ ಕೇಳಲಿಲ್ಲ. ಒಂದು ಲೀಟರಿಗೆ ತುಸು ಕಡಿಮೆ ಎಣ್ಣೆ ಬಂತು, ಜೇನಿನ ಬಣ್ಣ. ಹಿಂಡಿ ಪಕ್ಕದ ಓಣಿಯ ಎಮ್ಮೆಗೆ ಹೋಯಿತು. ಎಮ್ಮೆಯ ಮೊದಲು ಮನೆಯವರಿಗೆ ಒಂದು ಮಾತು ಕೇಳಬೇಕಿತ್ತಂತೆ. ಚಟ್ನಿಗೆ ಅಗಸಿ ಇಲ್ಲದೆ ಎರಡು ವಾರ ಆ ಮಾತು ಕೇಳಿದೆ.

ಗಾಣದ ಎಣ್ಣೆಯನ್ನು ಧಾರಾಳವಾಗಿ ಸುರಿದು ಮೊದಲ ಪದರ ಬಳಿದೆ. ಮನೆಯದೇ ಎಣ್ಣೆ, ಜಿಪುಣತನ ಯಾಕೆ? ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ ಇರಬೇಕು, ಉಲ್ಟಾ ಆದರೆ ಬಿರುಕು ಬಿಡುತ್ತದೆ ಅಂತ 114ನೇ ಪುಟ ಹೇಳುತ್ತದೆ. ಎಣ್ಣೆ ಒರೆಸಿದ ಅರಿವೆ ಮುದ್ದೆ ಮಾಡಿ ಇಟ್ಟರೆ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ 115. ಅದನ್ನು ಓದಿದ ರಾತ್ರಿ ಎದ್ದು ಅಷ್ಟೂ ಅರಿವೆ ಹಿತ್ತಲಲ್ಲಿ ಬಿಡಿಸಿ ಹರವಿ ಬಂದೆ, ಛತ್ರಿ ಹಿಡಿದುಕೊಂಡು.

ಈಗ ಚಿತ್ರ ಅಡುಗೆಮನೆಯ ಫಳಿಯ ಮೇಲಿದೆ. ಒಲೆಯ ಬಿಸಿಗೆ ಬೇಗ ಒಣಗಲಿ ಅಂತ ಇಟ್ಟದ್ದು. ಬದನೆಕಾಯಿ ಭುಜದ ಮೇಲೆ ಬೆಳಕು ಬಿದ್ದ ಹಾಗೆ ತೋರಿಸಲು ನಾಲ್ಕು ಸಲ ಬಿಳಿ ಹಚ್ಚಿದ್ದೆ. ನಾಲ್ಕು ಸಲವೂ ಪಾರಿವಾಳ ಹಿಕ್ಕೆ ಹಾಕಿದ ಹಾಗೆ ಕಂಡಿತ್ತು, ಒರೆಸಿ ಹಾಕಿದ್ದೆ. ನಿನ್ನೆ ಪಕ್ಕದ ಮನೆಯ ಕಾಕು ಹೆಪ್ಪಿಗೆ ಮೊಸರು ಕೇಳಲು ಬಂದವರು ಅದರ ಎದುರು ನಿಂತೇಬಿಟ್ಟರು.

‘ಏನ್ ಛಂದ ಬಂದೈತಪ್ಪಾ! ಮ್ಯಾಲ ಬೆಳ್ಳಗ, ಇಬ್ಬನಿ ಕುಂತಂಗ. ಇದನ್ನ ಹ್ಯಾಂಗ ಮಾಡಿದಿ?’

ನಾನು ಗಂಟಲು ಸರಿಮಾಡಿಕೊಂಡೆ.

‘ಜ್ವಾಳದ ಹಿಟ್ಟರೀ ಅದು, ಹಾರಿ ಅಂಟೇತಿ’ ಅಂದಳು ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.